ಹಳೆಯದನ್ನು ತಂದರೆ ಮಾತ್ರ

ಮಾರ್ಚ್ ೪, ಮಂಗಳವಾರ

ನಿನ್ನೆ, ಮಾರ್ಚ್ ಮೂರನೆಯ ತಾರೀಕು ಸೋಮವಾರ, ಬೆಳಿಗ್ಗೆ ಹತ್ತೂವರೆಯ ಆಸುಪಾಸಿನಲ್ಲಿ ನನ್ನ ತಂಗಿಯ ಅಂಗಡಿ ಸತ್ತಿದೆ ಎಂದು ಘೋಷಿಸಲಾಯಿತು. ಆಗ ಅವಳು ಅಂಗಡಿಯೊಳಗೇ ಕೂತು ಯಾರದೋ ಮನೆಯ ನಲ್ಲಿಯೊಂದನ್ನು ಬಿಚ್ಚುತ್ತಿದ್ದಳು.

ಘೋಷಿಸಿದ್ದು ಮಹಾಮಳಿಗೆ. ಸೂಜಿಯಿಂದ ಸೋಫಾದವರೆಗೆ ಎಲ್ಲವನ್ನೂ ಫೋನಿನಲ್ಲೇ ಮಾರುವ ಆ ಕಂಪನಿಯ ನಿಜವಾದ ಹೆಸರನ್ನು ನನ್ನ ದಿನಚರಿಯೊಳಗೆ ಬಿಟ್ಟುಕೊಳ್ಳುವ ಮನಸ್ಸಿಲ್ಲ. ಅವರ ಆ್ಯಪ್‌ನಲ್ಲಿ 'ನಿಮ್ಮ ಸುತ್ತಮುತ್ತಲ ಅಂಗಡಿಗಳು' ಎಂಬ ಪುಟವಿದೆ. ಅಲ್ಲಿ ತಂಗಿಯ ಬಿಡಿಭಾಗದ ಅಂಗಡಿಯ ಹೆಸರಿನ ಕೆಳಗೆ ಕೆಂಪಕ್ಷರದಲ್ಲಿ 'ಶಾಶ್ವತವಾಗಿ ಮುಚ್ಚಲಾಗಿದೆ'. ಅದರ ಕೆಳಗೆ ಹಸಿರಿನಲ್ಲಿ 'ಇದೇ ವಸ್ತುಗಳು ನಮ್ಮಲ್ಲಿ ನಾಳೆಯೇ ಲಭ್ಯ'.

ತಾರೀಕುಗಳನ್ನು ನಾನು ಮರೆಯುವವನಲ್ಲ. ಫೆಬ್ರವರಿ ಇಪ್ಪತ್ತರಂದು ಮಹಾಮಳಿಗೆಯ ಕಡೆಯಿಂದ ಒಬ್ಬಾಕೆ ಬಂದಿದ್ದರು. ಅಂಗಡಿಯ ಸಾಮಾನುಗಳ ಫೋಟೊ ತೆಗೆದು ತಮ್ಮ ಮೂಲಕ ಮಾರಬೇಕೆಂದು ಕೇಳಿದರು. ತಂಗಿ ಗೋಡೆಯ ಮೇಲಿನ ಬೋರ್ಡು ತೋರಿಸಿದಳು. ನಮ್ಮ ಅಪ್ಪನ ಕಾಲದ ಬೋರ್ಡು: 'ಹಳೆಯದನ್ನು ತಂದರೆ ಮಾತ್ರ.' ಮುರಿದ ತುಂಡನ್ನು ಕೈಯಲ್ಲಿ ಹಿಡಿದು ನೋಡದೆ ಆ ಅಂಗಡಿಯಲ್ಲಿ ಒಂದು ವಾಷರ್ ಕೂಡ ಮಾರುವುದಿಲ್ಲ. ಆಕೆ ನಕ್ಕು ಹೋದರು. ಹನ್ನೊಂದನೆಯ ದಿನಕ್ಕೆ ಸಾವು.

ಮೂವತ್ತಾರು ವರ್ಷ ಪತ್ರಿಕೆಯಲ್ಲಿ ಕರಡು ತಿದ್ದಿದವನು ನಾನು. ಇಷ್ಟು ದೊಡ್ಡ ತಪ್ಪನ್ನು ಇಷ್ಟು ದಪ್ಪ ಅಕ್ಷರದಲ್ಲಿ ನೋಡಿದ್ದು ಇದೇ ಮೊದಲು.

ಮಾರ್ಚ್ ೫, ಬುಧವಾರ

ಮಹಾಮಳಿಗೆಗೆ ಎರಡು ಪುಟದ ಪತ್ರ ಕಳಿಸಿದೆ. ವ್ಯಾಪಾರದ ಇತಿಹಾಸದಿಂದ ಹಿಡಿದು ಮಾನನಷ್ಟದವರೆಗೆ ಎಲ್ಲ ಬರೆದಿದ್ದೆ. ನಲವತ್ತು ಸೆಕೆಂಡಿನಲ್ಲಿ ಉತ್ತರ ಬಂತು: 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ. ಅಂಗಡಿ ತೆರೆದಿರುವುದಕ್ಕೆ ಸಾಕ್ಷಿಯಾಗಿ ಮುಂಭಾಗದ ಫೋಟೊ ಕಳಿಸಿ.' ತಂಗಿಯನ್ನು ಬಾಗಿಲಲ್ಲಿ ನಿಲ್ಲಿಸಿ ಫೋಟೊ ತೆಗೆದು ಕಳಿಸಿದೆ. ಮತ್ತೆ ನಲವತ್ತು ಸೆಕೆಂಡು: 'ನಮ್ಮ ದಾಖಲೆಯ ಪ್ರಕಾರ ಈ ಅಂಗಡಿ ಮುಚ್ಚಿರುವುದರಿಂದ ಫೋಟೊ ಪರಿಶೀಲಿಸಲು ಸಾಧ್ಯವಿಲ್ಲ.'

ಮೂರು ಸಲ ಓದಿದೆ. ವ್ಯಾಕರಣದ ತಪ್ಪು ಒಂದೂ ಇಲ್ಲ.

ಮಧ್ಯಾಹ್ನ ಕಟ್ಟಡದ ಯಜಮಾನರು ಬಂದರು.

"ಏನಮ್ಮ, ಅಂಗಡಿ ಮುಚ್ಚಿಬಿಟ್ರಂತೆ?" ಎಂದು ಅಂಗಡಿಯೊಳಗೆ ನಿಂತುಕೊಂಡೇ ಕೇಳಿದರು.

"ಮುಚ್ಚಿದ್ರೆ ನೀವು ಎಲ್ಲಿಂದ ಒಳಗೆ ಬಂದ್ರಿ?" ಎಂದಳು ತಂಗಿ.

"ಅಲ್ಲಮ್ಮ, ಫೋನೇ ಹೇಳ್ತಿದೆಯಲ್ಲ. ನೋಡು, ಮೂವತ್ತೊಂದಕ್ಕೆ ನಿನ್ನ ಬಾಡಿಗೆ ಕರಾರು ಮುಗಿಯುತ್ತೆ. ಎದುರುಗಡೆ ಗೋದಾಮಿನವರು ಈ ಜಾಗ ಕೇಳ್ತಾನೇ ಇದ್ದಾರೆ. ನಡೀತಿರೋ ಅಂಗಡೀನ ಎಬ್ಬಿಸೋ ಪಾಪ ನನಗೆ ಬೇಡ. ಆದ್ರೆ ಮುಚ್ಚಿರೋ ಅಂಗಡಿಗೆ ಕರಾರು ಮಾಡಿಕೊಟ್ರೆ ನನ್ನ ಮಕ್ಕಳು ನನ್ನನ್ನ ಸುಮ್ನೆ ಬಿಡ್ತಾರಾ? ಆ ಕೆಂಪಕ್ಷರ ಹೋಗಲಿ, ಅವತ್ತೇ ಸಹಿ ಹಾಕ್ತೀನಿ."

ಎದುರುಗಡೆಯ ಗೋದಾಮು ಯಾರದೆಂದು ಬೇರೆ ಹೇಳಬೇಕೆ? ಮಹಾಮಳಿಗೆಯದೇ.

ಸಂಜೆ ಇದನ್ನು ಬರೆಯುವಾಗ ಓದುವ ದೀಪ ಎರಡು ಸಲ ಆರಿತು. ಅದರ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿರಬೇಕು. ಆ ದೀಪದ ವಿಷಯ ಬರೆಯಲು ಮನಸ್ಸಿಲ್ಲ.

ಮಾರ್ಚ್ ೮, ಶನಿವಾರ

ಸಾಕ್ಷಿ ಬೇಕಲ್ಲವೇ? ನಾನೇ ಸಾಕ್ಷಿಯಾಗುತ್ತೇನೆ. ಮೊನ್ನೆಯಿಂದ ತಂಗಿಯ ಅಂಗಡಿಯಲ್ಲಿ ಸ್ಟೂಲು ಹಾಕಿಕೊಂಡು, ಬಂದವರನ್ನೆಲ್ಲ ವೇಳೆಯ ಸಮೇತ ಟಿಪ್ಪಣಿ ಪುಸ್ತಕದಲ್ಲಿ ಬರೆಯುತ್ತಿದ್ದೇನೆ. ಕಬ್ಬಿಣ, ಗ್ರೀಸು, ರಬ್ಬರಿನ ವಾಸನೆ. ಈ ವಾಸನೆಗೆ ಹೆದರಿಯೇ ಹದಿನೆಂಟನೆಯ ವಯಸ್ಸಿನಲ್ಲಿ ಪುಸ್ತಕದ ಕಡೆ ಓಡಿದವನು ನಾನು. ಅಂಗಡಿ ತಂಗಿಯ ಪಾಲಿಗೆ ಬಂತು. ಅವಳಿಗೀಗ ಐವತ್ತಾರು.

ಬಂದವರು ಕಡಿಮೆ. ಆದರೆ ಇವತ್ತು ಒಂದು ನೋಡಿದೆ.

ಬ್ಯಾಂಕಿನವರೊಬ್ಬರು ಬಂದು ನಲ್ಲಿಯ ವಾಷರ್ ಕೊಟ್ಟರು. "ಇದೇ ಅಳತೆದು ಒಂದು ಡಜನ್ ಕೊಟ್ಟುಬಿಡಿ ಅಕ್ಕ. ತಿಂಗಳಿಗೊಂದು ಹೋಗ್ತಿದೆ."

ತಂಗಿ ಅದನ್ನು ಬೆಳಕಿಗೆ ಹಿಡಿದಳು. ಉಗುರಿನಿಂದ ಮೆಲ್ಲಗೆ ಸುತ್ತಲೂ ಸವರಿದಳು. "ಇದು ಸವೆದಿಲ್ಲ, ಕುಯ್ದು ಹೋಗಿದೆ. ನೀರು ನಿಂತ ಮೇಲೂ ಯಾರೋ ತಿರುಗಿಸ್ತಾನೇ ಇದ್ದಾರೆ. ನಿಮ್ಮ ಮನೇಲಿ ಕಿವಿ ಮಂದ ಇರೋರು ಯಾರಾದ್ರೂ ಇದ್ದಾರಾ?"

ಅವರು ಅವಳ ಕೈಯಲ್ಲಿದ್ದ ವಾಷರನ್ನು ಬಗ್ಗಿ ನೋಡಿದರು. ಆಮೇಲೆ, "ಅಮ್ಮ," ಎಂದರು. "ಅವರಿಗೆ ನೀರು ನಿಂತದ್ದು ಕೇಳ್ಸಲ್ಲ."

"ವಾಷರ್ ಬೇಡ ನಿಮಗೆ. ಕಾಲು ಸುತ್ತಿನ ನಲ್ಲಿ ಹಾಕಿಸಿ. ಅದು ಒಂದು ಕಡೆ ಬಂದು ನಿಂತುಬಿಡುತ್ತೆ. ಅವರ ಕೈಗೇ ಗೊತ್ತಾಗುತ್ತೆ."

ಬೆರಳ ತುದಿಯಷ್ಟು ರಬ್ಬರಿನಲ್ಲಿ ಒಬ್ಬ ಮುದುಕಿಯ ಕಿವಿ ಓದಿದಳು! ನಾನು ಬರೆಯುವುದನ್ನೇ ಮರೆತೆ. ಅವರು ಬಂದ ವೇಳೆ ಪುಸ್ತಕದಲ್ಲಿ ಇಲ್ಲ.

ಮಾರ್ಚ್ ೧೧, ಮಂಗಳವಾರ

ಅಂಗಡಿಯ ಹಿಂದಿನ ಕೋಣೆಯ ಒಂದಿಡೀ ಗೋಡೆ ಬಿಸ್ಕತ್ತಿನ ಹಳೆಯ ಡಬ್ಬಗಳಿಂದ ತುಂಬಿದೆ. ಅರವತ್ತಮೂರು ಡಬ್ಬ. ಚಿಕ್ಕಂದಿನಲ್ಲಿ ನಾನು ಅದನ್ನು 'ಅಪ್ಪನ ಕಸ' ಎನ್ನುತ್ತಿದ್ದೆ. ಗುಜರಿಗೆ ಹಾಕಿ ಎಂದು ಅಪ್ಪನಿಗೆ ಬುದ್ಧಿ ಹೇಳಿದವನು ನಾನೇ. ಇವತ್ತು ವ್ಯಾಪಾರವಿರಲಿಲ್ಲ. ಒಂದು ಡಬ್ಬ ತೆಗೆದೆ.

ಜನ ಬಿಟ್ಟುಹೋದ ಮುರುಕು ತುಂಡುಗಳು. ಪ್ರತಿಯೊಂದಕ್ಕೂ ದಾರ ಕಟ್ಟಿ ಒಂದು ಚೀಟಿ. ಚೀಟಿಯಲ್ಲಿ ಮೂರೇ ವಿಷಯ: ಯಾವುದರದ್ದು, ಯಾಕೆ ಮುರಿಯಿತು, ತಂದವರ ಸಹಿ.

'ಹೊಲಿಗೆ ಯಂತ್ರದ ಕೊಂಡಿ. ಎಣ್ಣೆ ಕಾಣದೆ ಸತ್ತಿದೆ.'

'ಕುಕ್ಕರಿನ ಕವಾಟ. ಹೊಸದು. ತಪ್ಪು ಇವರದ್ದಲ್ಲ, ಮಾಡಿದವರದ್ದು.'

'ಅಲಮಾರಿಯ ಬೀಗ. ಸಿಟ್ಟಿನಿಂದ ಎಳೆದಿದ್ದಾರೆ.'

ಅಪ್ಪನ ಅಕ್ಷರ ಮೂವತ್ತನೆಯ ಡಬ್ಬದ ಆಸುಪಾಸಿನಲ್ಲಿ ನಡುಗಲು ಶುರುವಾಗುತ್ತದೆ. ನಲವತ್ತರ ಹೊತ್ತಿಗೆ ತಂಗಿಯ ಅಕ್ಷರ. ನಾನು ನೆಲದ ಮೇಲೇ ಕೂತುಬಿಟ್ಟೆ. ಒಳ್ಳೆಯ ಪುಸ್ತಕಗಳಿಗೆ ಕೊನೆಯಲ್ಲಿ ಒಂದು ತಪ್ಪೋಲೆ ಇರುತ್ತದೆ: ಎಲ್ಲಿ ತಪ್ಪಾಯಿತು, ಸರಿ ಯಾವುದು. ನನ್ನ ಜೀವಮಾನವೆಲ್ಲ ಅಂಥ ಪುಟಗಳನ್ನು ಸಿದ್ಧ ಮಾಡಿದ್ದೇನೆ. ಈ ಊರಿನ ಅಡುಗೆಮನೆ, ಬಚ್ಚಲು, ಕಾರ್ಖಾನೆಗಳೆಲ್ಲದರ ತಪ್ಪೋಲೆ ನಮ್ಮ ಮನೆಯ ಗೋಡೆಯಲ್ಲೇ ಇತ್ತು. ಒಂದು ದಿನವೂ ಬಿಚ್ಚಿ ಓದಲಿಲ್ಲ.

"ಇದಕ್ಕೆ ಸೂಚಿ ಇಲ್ಲವಾ? ಯಾವ ತುಂಡು ಯಾವ ಡಬ್ಬದಲ್ಲಿದೆ ಅಂತ?" ಎಂದು ಕೇಳಿದೆ.

"ಇದೆಯಲ್ಲ," ಎಂದು ತಂಗಿ ತನ್ನ ತಲೆ ಮುಟ್ಟಿಕೊಂಡಳು.

"ಅದು ಎಷ್ಟು ದಿನ?"

"ಹಾಗಾದ್ರೆ ನೀನು ಬರಿ. ಹೇಗಿದ್ರೂ ಖಾಲಿ ಕೂತಿದ್ದೀಯ."

ನಾಳೆಯಿಂದ ಶುರು.

ಮಾರ್ಚ್ ೧೪, ಶುಕ್ರವಾರ

ನನ್ನ ಕೈಯಾರೆ ನಾನೇ ಕೆಡಿಸಿದೆ. ಬರೆದಿಡುತ್ತೇನೆ.

ಬುಧವಾರ ತಂಗಿ, ನಮಗೆ ತುಂಡುಗಳನ್ನು ಕಡೆದುಕೊಡುವ ಲೇತ್ ಮೇಷ್ಟರ ಹತ್ತಿರ ಹೋಗಿದ್ದಳು. ಅಂಗಡಿ ನನ್ನ ಕೈಯಲ್ಲಿತ್ತು. ಮಹಾಮಳಿಗೆ ನಾಳೆ ಕೊಡುವುದಾದರೆ ನಾವು ಇವತ್ತೇ ಕೊಟ್ಟು ತೋರಿಸೋಣ ಎಂದು ಹುಮ್ಮಸ್ಸು ಬಂತು. ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಹಾಕಿದೆ: 'ಕುಕ್ಕರ್ ಗ್ಯಾಸ್ಕೆಟ್, ಒಂದೇ ಗಂಟೆಯಲ್ಲಿ ಮನೆಬಾಗಿಲಿಗೆ.' ಆರು ಮನೆಯವರು ಕೇಳಿದರು. ಯಾವ ಕುಕ್ಕರ್, ಎಷ್ಟು ಲೀಟರ್ ಎಂದು ಬರೆದುಕೊಂಡು ಆಟೋದಲ್ಲಿ ಕಳಿಸಿಯೂ ಬಿಟ್ಟೆ. ಹಳೆಯದು? ಕೇಳಲೇ ಇಲ್ಲ.

ಇವತ್ತಿಗೆ ನಾಲ್ಕು ವಾಪಸ್ಸು ಬಂದವು. ಹಿಂದಿನ ಬೀದಿಯ ಫ್ಲ್ಯಾಟಿನ ಮೂರನೆಯ ಮಹಡಿಯ ನಿವೃತ್ತ ಟೀಚರ್ ತಾವೇ ಇಳಿದು ಬಂದರು. "ನಮ್ಮ ಕುಕ್ಕರ್ ಈಗ ಸೀಟಿ ಹೊಡೆಯಲ್ಲ, ಹಾವಿನ ಥರ ಬುಸುಗುಡುತ್ತೆ. ಇದಕ್ಕೆ ಆ ಫೋನಿನವರೇ ಸಾಕಿತ್ತು, ವಾಪಸ್ ತಗೊಳ್ಳೋಕೆ ಮನೆಗೇ ಬರ್ತಾರೆ."

ಅವರು ಹೋದ ಮೇಲೆ ತಂಗಿ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಆ ನಾಲ್ಕೂ ಗ್ಯಾಸ್ಕೆಟ್ಟುಗಳನ್ನು ಮೇಜಿನ ಮೇಲೆ ಜೋಡಿಸಿ ನೋಡುತ್ತಿದ್ದಳು.

"ಮುಚ್ಚಳ ಸೊಟ್ಟ ಆಗಿರುತ್ತೆ, ಅಣ್ಣ. ಒಂದೊಂದು ಮನೇದು ಒಂದೊಂದು ಥರ. ಹಳೇ ಗ್ಯಾಸ್ಕೆಟ್ ನೋಡಿದ್ರೆ ಅದು ಗೊತ್ತಾಗುತ್ತೆ, ಲೀಟರ್ ಕೇಳಿದ್ರೆ ಗೊತ್ತಾಗಲ್ಲ. ಅವರು ಮಾಡೋದನ್ನೇ ನಾವೂ ಮಾಡೋಕೆ ಹೋದ್ರೆ, ಅವರಿಗಿಂತ ಕೆಟ್ಟದಾಗಿ ಮಾಡ್ತೀವಿ ಅಷ್ಟೇ."

"ಜನ ಹಳೇದು ಹಿಡ್ಕೊಂಡು ಇಲ್ಲಿಗೆ ಬರಲ್ವಲ್ಲ ಈಗ."

ಅವಳು ಚೀಲಕ್ಕೆ ಅಳತೆಪಟ್ಟಿ, ಅರ, ಸ್ಪ್ಯಾನರ್ ತುಂಬಿದಳು. "ಬರಲ್ಲ ಅಂದ್ರೆ ನಾವೇ ಹೋಗಿ ನೋಡೋಣ. ಏಳು, ಟೀಚರಮ್ಮನ ಮನೆಯಿಂದ ಶುರು. ಕ್ಷಮೆ ನೀನು ಕೇಳು, ಮುಚ್ಚಳ ನಾನು ನೋಡ್ತೀನಿ."

ಮಾರ್ಚ್ ೧೮, ಮಂಗಳವಾರ

ಮಧ್ಯಾಹ್ನ ಮೂರರಿಂದ ಆರರವರೆಗೆ ಮನೆಮನೆ. ಒಂದು ಗ್ಯಾಸ್ಕೆಟ್ ನೋಡಲು ಹೋದರೆ ಐದು ಮುರುಕು ಹೊರಗೆ ಬರುತ್ತವೆ. ಕಿರುಗುಟ್ಟುವ ಫ್ಯಾನು, ಕೂರದ ಬಾಗಿಲು, ವರ್ಷದಿಂದ ತೊಟ್ಟಿಕ್ಕುವ ನಲ್ಲಿ. ಎಲ್ಲ ಮನೆಯಲ್ಲೂ ಒಂದೇ ಮಾತು: "ಅಯ್ಯೋ, ನೀವು ಮುಚ್ಚಿಬಿಟ್ರಿ ಅಂತ ಫೋನಲ್ಲಿ ನೋಡಿದ್ವಲ್ಲ!" ತಂಗಿ, "ಹೌದು, ನಾನು ದೆವ್ವ. ಸ್ಪ್ಯಾನರ್ ಹಿಡ್ಕೊಂಡು ಬಂದಿದ್ದೀನಿ," ಎನ್ನುತ್ತಾಳೆ. ಎಷ್ಟು ವರ್ಷವಾಗಿತ್ತು ಅವಳು ಹೀಗೆ ತಮಾಷೆ ಮಾಡಿದ್ದು ಕೇಳಿ.

ಟೀಚರ್ ಮನೆಯ ಮುಚ್ಚಳ ಕೂದಲೆಳೆಯಷ್ಟು ಸೊಟ್ಟ. ತಟ್ಟಿ ಸರಿಮಾಡಿದಳು. ಸೀಟಿ ಹೊಡೆಯಿತು. ಟೀಚರ್ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಮಾರ್ಚ್ ೨೦, ಗುರುವಾರ

ಹನ್ನೊಂದು ಮನೆ. ಕಾಲು ನೋವು. ಸೂಚಿ ಇಪ್ಪತ್ತೆಂಟನೆಯ ಡಬ್ಬಕ್ಕೆ ಬಂತು. ಬರೆಯಲು ವ್ಯವಧಾನವಿಲ್ಲ.

ಮಾರ್ಚ್ ೨೨, ಶನಿವಾರ

ಬೆಳಿಗ್ಗೆ ಅಂಗಡಿಗೆ ಹೊರಡುವ ಮುಂಚೆ ತಂಗಿ ಫೋನ್ ಮಾಡಿದಳು. "ಬರೋವಾಗ ಆ ದೀಪ ತಗೊಂಡು ಬಾ."

"ಯಾವ ದೀಪ?"

"ಹೆಬ್ಬೆರಳು ಇಟ್ಕೊಂಡು ಓದ್ತೀಯಲ್ಲ, ಅದೇ."

ಒಪ್ಪಿಕೊಳ್ಳಲೇಬೇಕು. ಆ ದೀಪವನ್ನು ಹೋದ ವರ್ಷ ಮಹಾಮಳಿಗೆಯಿಂದ ತರಿಸಿದ್ದೆ. ಬೆಳಿಗ್ಗೆ ಕೇಳಿದ್ದು ಮರುದಿನ ಬಾಗಿಲಲ್ಲಿತ್ತು. ಆಗ ನಾನು ಬೆರಗಾಗಿದ್ದೂ ನಿಜ. ಹನ್ನೊಂದನೆಯ ತಿಂಗಳಲ್ಲಿ ಗುಂಡಿ ಹೋಯಿತು. ಗುಂಡಿ ಮಾತ್ರ ಸಿಗುವುದಿಲ್ಲ, ಹೊಸ ದೀಪ ಕೊಳ್ಳಿ ಎಂದರು. ಊರಿಗೆಲ್ಲ ಉಪದೇಶ ಮಾಡುವ ನಾನು ಅದನ್ನು ತಂಗಿಯಿಂದ ಬಚ್ಚಿಟ್ಟಿದ್ದೆ.

"ನಿನಗೆ ಯಾವಾಗ ಗೊತ್ತಾಯ್ತು?"

"ಅವತ್ತೇ. ನಿನ್ನ ಮನೆ ಕಸದ ಬುಟ್ಟೀಲಿ ಅವರ ಡಬ್ಬಿ ಇತ್ತು."

"ಯಾಕೆ ಕೇಳಲಿಲ್ಲ?"

"ಕೇಳಿದ್ರೆ ಭಾಷಣ ಮಾಡ್ತಿದ್ದೆ."

ದೀಪ ಅಂಗಡಿಗೆ ಒಯ್ದೆ. ಮೂರು ನಿಮಿಷದಲ್ಲಿ ಗುಂಡಿ ಬದಲಾಯಿಸಿದಳು. ಹಳೆಯ ಗುಂಡಿಗೆ ಚೀಟಿ ಕಟ್ಟಿ ನನ್ನ ಮುಂದಿಟ್ಟಳು: 'ಓದುವ ದೀಪ. ಒಳಗಿನ ತಗಡು ತೆಳು.' ಸಹಿ ಹಾಕಿದೆ. ಡಬ್ಬ ಅರವತ್ತಮೂರು.

ಮಾರ್ಚ್ ೨೬, ಬುಧವಾರ

ಇವತ್ತಿನದನ್ನು ಬಿಡದೆ ಬರೆಯಬೇಕು.

ಎದುರುಗಡೆಯ ಗೋದಾಮಿನ ದೊಡ್ಡ ಬಾಗಿಲು ಯಾವಾಗಲೂ ತೆರೆದಿರುತ್ತದೆ. ಒಳಗೆ ಒಂದು ಉದ್ದನೆಯ ಬೆಲ್ಟು, ಅದರ ಮೇಲೆ ಪಾರ್ಸೆಲ್ಲುಗಳ ಹೊಳೆ. ಯಾರೂ ಕೈ ಹಚ್ಚದೆ ಒಂದೊಂದೂ ತನ್ನ ದಾರಿ ಹಿಡಿದು ತನ್ನ ಮೂಲೆಗೆ ಬೀಳುತ್ತದೆ. ವೈರಿಯದ್ದಾದರೂ ವಿದ್ಯೆ ವಿದ್ಯೆಯೇ. ನಾನು ಎಷ್ಟೋ ಸಲ ರಸ್ತೆಯಲ್ಲಿ ನಿಂತು ಬಾಯಿ ತೆರೆದು ನೋಡಿದ್ದೇನೆ. ಇವತ್ತು ಬೆಳಿಗ್ಗೆ ಹತ್ತು ಗಂಟೆಗೆ ಆ ಹೊಳೆ ನಿಂತಿತು. ಹೊರಗೆ ವ್ಯಾನುಗಳು ಸಾಲುಗಟ್ಟಿದವು.

ಕುತ್ತಿಗೆಯಲ್ಲಿ ಗುರುತಿನ ಚೀಟಿ ತೂಗಿಸಿಕೊಂಡ ಮ್ಯಾನೇಜರ್ ರಸ್ತೆ ದಾಟಿ ಬಂದರು. ಮೂವತ್ತೈದರ ಆಸುಪಾಸು, ಅಂಗಿ ಬೆವರಿನಲ್ಲಿ ಒದ್ದೆ. "ಮೇಡಂ, ಒಂದು ಪಿನ್ನು ಬೇಕಿತ್ತು. ನಮ್ಮ ಬೆಲ್ಟಿಂದು ಮುರಿದುಹೋಗಿದೆ. ನಮ್ಮದರಲ್ಲೇ ಆರ್ಡರ್ ಹಾಕಿದೆ, ನಾಲ್ಕು ದಿನ ಅಂತಿದೆ."

ಬೋರ್ಡು ತೋರಿಸಿದ್ದು ತಂಗಿಯಲ್ಲ, ನಾನು. "ಹಳೇದು ತಂದಿದ್ದೀರಾ?"

ಅವರು ಓಡಿಹೋಗಿ ಅಂಗೈಯಲ್ಲಿ ತಂದರು. ಹಿತ್ತಾಳೆಯ ಪುಟ್ಟ ಪಿನ್ನು, ನಡುವೆ ಕೊರೆದ ತೆಳು ಕತ್ತು. ಕತ್ತಿನಲ್ಲೇ ಎರಡು ತುಂಡಾಗಿತ್ತು.

"ಅಲ್ಲಿವರೆಗೆ ಒಂದು ಗಟ್ಟಿ ಬೋಲ್ಟ್ ಹಾಕಿ ಓಡಿಸೋಣ ಅಂತಿದ್ದಾರೆ ನಮ್ಮವರು," ಎಂದರು.

"ಹಾಕಿ ನೋಡಿ," ಎಂದಳು ತಂಗಿ. "ಬೋಲ್ಟು ಮುರಿಯಲ್ಲ, ಮೋಟಾರು ಸುಡುತ್ತೆ. ಈ ಪಿನ್ನು ಇರೋದೇ ಮುರಿಯೋಕೆ. ಎಲ್ಲೋ ಪಾರ್ಸೆಲ್ ಸಿಕ್ಕಿಹಾಕ್ಕೊಂಡಾಗ ಇದು ತಾನು ಮುರಿದು ಯಂತ್ರಾನ ಉಳಿಸುತ್ತೆ. ನಿಮ್ಮ ಬೆಲ್ಟಿಗೆ ಇವತ್ತು ಏನೂ ಆಗಿಲ್ಲ. ಇದು ಆಗೋಕೆ ಬಿಟ್ಟಿಲ್ಲ."

ಅವಳ ಮಾತು ಮುಗಿಯುವಷ್ಟರಲ್ಲಿ ನಾನು ಸೂಚಿ ತೆರೆದಿದ್ದೆ. ಪಿನ್ನು, ಹಿತ್ತಾಳೆ, ಕತ್ತು ಕೊರೆದದ್ದು. ಡಬ್ಬ ಮೂವತ್ತೊಂದು. ಏಣಿ ಹತ್ತಿ ಇಳಿಸಿದೆ. ಚೀಟಿಯ ಮೇಲೆ ಅಪ್ಪನ ನಡುಗುವ ಅಕ್ಷರ:

'ಪತ್ರಿಕೆಯ ಅಚ್ಚುಕೂಟ, ಮಡಿಸುವ ಯಂತ್ರ. ಮುರಿಯಬೇಕಾದ ಕಡೆಯೇ ಮುರಿದಿದೆ. ಒಳ್ಳೆಯ ಪಿನ್ನು. ಎರಡು ಮಾಡಿಸಿದೆ, ಒಂದು ಇಲ್ಲಿದೆ.'

ನಮ್ಮ ಪತ್ರಿಕೆ. ಆ ದಿನ ನನಗೆ ಚೆನ್ನಾಗಿ ನೆನಪಿದೆ. ಪತ್ರಿಕೆ ಎರಡು ಗಂಟೆ ತಡವಾಯಿತು, ನಾನು ಮೇಲಿನ ಮಹಡಿಯಲ್ಲಿ ಯಂತ್ರದವರನ್ನು ಬೈಯುತ್ತಾ ಕೂತಿದ್ದೆ. ಕೆಳಗೆ ಬಂದು ಸರಿ ಮಾಡಿಕೊಟ್ಟವರು ಅಪ್ಪ ಎಂದು ಯಾರೂ ಹೇಳಲಿಲ್ಲ. ಅಪ್ಪನೂ ಹೇಳಲಿಲ್ಲ. ನಾನು ತಿದ್ದಿದ ಅಕ್ಷರಗಳು ಅಂದು ಊರಿಗೆ ಮುಟ್ಟಿದ್ದು ಇಷ್ಟುದ್ದದ ಒಂದು ಪಿನ್ನಿನ ಮೇಲೆ.

ಉಳಿದಿದ್ದ ಪಿನ್ನು ಬೇಕಾದ್ದಕ್ಕಿಂತ ಎಳೆಯಷ್ಟು ದಪ್ಪವಿತ್ತು. ತಂಗಿ ಅರದಿಂದ ನಾಲ್ಕು ಸಲ ಉಜ್ಜಿದಳು, ಬೆರಳಿನಿಂದ ನೋಡಿದಳು, ಐದನೆಯ ಸಲ ಉಜ್ಜಿದಳು. ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಮ್ಯಾನೇಜರ್ ಚೀಟಿಗೆ ಸಹಿ ಹಾಕಿ ಪಿನ್ನು ಒಯ್ದರು. ಹನ್ನೊಂದೂ ಕಾಲಿಗೆ ಹೊಳೆ ಮತ್ತೆ ಹರಿಯಿತು. ಮಾದರಿ ನೋಡಿ ಲೇತ್ ಮೇಷ್ಟರು ಸಂಜೆಯೊಳಗೆ ಇನ್ನೂ ಆರು ಕಡೆದುಕೊಟ್ಟರು.

ನಾವಿಬ್ಬರೂ ಬಾಗಿಲಲ್ಲಿ ನಿಂತು ನೋಡಿದೆವು. ನಮ್ಮನ್ನು ನುಂಗಲು ಬಂದ ಹೊಳೆ ನಮ್ಮ ಅಪ್ಪನ ಪಿನ್ನಿನ ಮೇಲೆ ಹರಿಯುತ್ತಿತ್ತು. ಸಿಟ್ಟು ಬರಲಿಲ್ಲ. ಏನು ಬಂತೆಂದು ಬರೆಯಲು ಪದ ಹುಡುಕುತ್ತಿದ್ದೇನೆ.

ಮಾರ್ಚ್ ೨೭, ಗುರುವಾರ

ಬಿಲ್ಲಿಗಾಗಿ ಮ್ಯಾನೇಜರ್ ಬಂದರು. ಫೋನಿನಲ್ಲಿ ನಮ್ಮ ಅಂಗಡಿಯ ಹೆಸರು ಹಾಕಿದರು, ಮುಖ ಸಪ್ಪಗಾಯಿತು.

"ಸಾರ್, ಬಿಲ್ಲು ತಗೊಳ್ತಿಲ್ಲ. ಅಂಗಡಿ ಶಾಶ್ವತವಾಗಿ ಮುಚ್ಚಿದೆ ಅಂತ ತೋರಿಸ್ತಿದೆ."

"ಹಾಗಾದ್ರೆ ನೀವೀಗ ಯಾರ ಹತ್ತಿರ ಮಾತಾಡ್ತಿದ್ದೀರಿ?" ಎಂದಳು ತಂಗಿ.

ಅವರು ಕಿವಿ ಕೆಂಪು ಮಾಡಿಕೊಂಡು ಕೈಯಿಂದಲೇ ಕೊಟ್ಟರು. "ನಾನು ಮೇಲಿನವರಿಗೆ ಬರೀತೀನಿ, ಸಾರ್. ಖಂಡಿತ ತಿದ್ದಿಸ್ತೀನಿ."

ಮಾರ್ಚ್ ೨೯, ಶನಿವಾರ

ನಮ್ಮ ಅಂಗಡಿಯಲ್ಲಿ ಬೆಳಿಗ್ಗೆ ಕೂರಲು ಜಾಗವಿರಲಿಲ್ಲ. ಮುರುಕು ಹಿಡಿದ ಹತ್ತು ಕೈಗಳು. ಯಜಮಾನರು ಬಂದು, ಜನರ ಮಧ್ಯೆ ಭುಜ ತೂರಿಸಿ ಎಲ್ಲ ನೋಡಿದರು. ಕರಾರಿನ ಕಾಗದ ಜೇಬಿನಲ್ಲೇ ಇತ್ತು. ಫೋನು ತೆಗೆದು ನೋಡಿದರು, ತಲೆ ಆಡಿಸಿದರು.

"ನನ್ನ ಕಣ್ಣಿಗೆ ತೆರೆದಿದೆಯಮ್ಮ. ಆದ್ರೆ ಮಕ್ಕಳು ನನ್ನ ಕಣ್ಣನ್ನ ನಂಬಲ್ಲ, ಇದನ್ನ ನಂಬ್ತಾರೆ. ಸೋಮವಾರ ಹತ್ತು ಗಂಟೆಗೆ ಬರ್ತೀನಿ. ಅಷ್ಟರೊಳಗೆ ಅವರ ಬಾಯಿಂದ ಒಂದು ಮಾತು ಬರಲಿ."

ಮಧ್ಯಾಹ್ನ ಮ್ಯಾನೇಜರ್ ರಸ್ತೆ ದಾಟಿ ಬಂದು ಬಾಗಿಲಲ್ಲೇ ನಿಂತರು. "ಮೂರು ಸಲ ಬರೆದೆ ಸಾರ್. ಮೂರು ಸಲವೂ 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ' ಅಂತ ಬಂತು. ನನಗೇ!"

"ನಡೆದಿದ್ದನ್ನ ನಾನು ಬಾಗಿಲ ಮೇಲೆ ಬರೆದು ಅಂಟಿಸ್ತೀನಿ. ಚೀಟೀಲಿ ನಿಮ್ಮ ಸಹಿ ಇದೆ. ನಿಮಗೆ ತೊಂದರೆ ಆಗುತ್ತಾ?" ಎಂದೆ.

ಅವರು ಒಮ್ಮೆ ಗೋದಾಮಿನ ಕಡೆ ತಿರುಗಿ ನೋಡಿದರು. "ಸಹಿ ನನ್ನದೇ ಅಲ್ವಾ, ಸಾರ್. ಹಾಕಿ."

ಮಾರ್ಚ್ ೩೦, ಭಾನುವಾರ

ಬೆಳಿಗ್ಗೆ ನಾಲ್ಕು ಪುಟ ಬರೆದೆ. ತಂಗಿ ಮೊದಲ ಪುಟವನ್ನೂ ಮುಗಿಸಲಿಲ್ಲ. "ಚೀಟಿಯಷ್ಟು ಬರಿ, ಅಣ್ಣ. ಯಾವುದರದ್ದು, ಯಾಕೆ ಮುರಿಯಿತು, ತಂದವರು ಯಾರು."

ಸಾಲುಗಳನ್ನು ಹೊಡೆದುಹಾಕುತ್ತ ಹೋಗಿ ಇಷ್ಟಾಯಿತು. ಗೋದಾಮಿಗೆ ಕಾಣುವಂತೆ ನಮ್ಮ ಬಾಗಿಲಿಗೆ ಅಂಟಿಸಿದ್ದೇವೆ. ಪಕ್ಕದಲ್ಲಿ ದಾರಕ್ಕೆ ಕಟ್ಟಿದ ಎರಡು ತುಂಡು ಪಿನ್ನು, ಚೀಟಿಯ ಸಮೇತ. ಆಗಲೇ ಟೀಚರ್ ಕನ್ನಡಕ ಏರಿಸಿ ಓದುತ್ತಿದ್ದಾರೆ, ಅವರ ಹಿಂದೆ ನಾಲ್ಕು ಜನ.

'ಎದುರುಗಡೆಯ ಕಂಪನಿಯವರಿಗೆ, ಎಲ್ಲರೂ ಓದುವಂತೆ.

ಮಾರ್ಚ್ ಮೂರರಂದು ಈ ಅಂಗಡಿ ಶಾಶ್ವತವಾಗಿ ಮುಚ್ಚಿದೆ ಎಂದು ನೀವು ಊರಿಗೆಲ್ಲ ಹೇಳಿದಿರಿ. ಮಾರ್ಚ್ ಇಪ್ಪತ್ತಾರರಂದು ಬೆಳಿಗ್ಗೆ ಹನ್ನೊಂದು ಹತ್ತಕ್ಕೆ ನಿಮ್ಮ ಬೆಲ್ಟಿನ ಪಿನ್ನನ್ನು ಇದೇ ಅಂಗಡಿಯಿಂದ ಒಯ್ದಿರಿ. ಮುರಿದ ಹಳೆಯದು ಇಲ್ಲೇ ತೂಗುತ್ತಿದೆ, ನಿಮ್ಮವರ ಸಹಿಯೊಂದಿಗೆ. ಇವೆರಡರಲ್ಲಿ ಒಂದು ತಪ್ಪು. ಯಾವುದು ತಪ್ಪು? ಅದನ್ನು ಬರೆದವರು ಯಾರು? ಯಾವ ಕಣ್ಣಿನಿಂದ ನೋಡಿ ಬರೆದರು?

ಯಂತ್ರದ ಉತ್ತರ ನಮಗೆ ಬೇಡ; ಈಗಾಗಲೇ ಐದು ಸಲ ಬಂದಿದೆ. ನಾಳೆ, ಸೋಮವಾರ, ಬೆಳಿಗ್ಗೆ ಹತ್ತು ಗಂಟೆಗೆ ಈ ಬಾಗಿಲು ತೆರೆದಿರುತ್ತದೆ. ರಸ್ತೆ ದಾಟಿ ಬನ್ನಿ. ಇಲ್ಲಿ ನಿಂತು, ಎಲ್ಲರ ಎದುರಿಗೆ, ನಿಮ್ಮ ಬಾಯಿಂದ ಉತ್ತರ ಕೊಡಿ.'